ಎರಡು ಸೆಲ್ಲು

ಚಾದಂಗಡ್ಯಾಗ ಹೇಳಾಕ ನನ್ನ ಹತ್ರ ಎರಡು ಕತಿ ಇದ್ದೂ.
ಒಂದು ಬರ್ಫಿಂದು, ಬೂಟಿನ್ಯಾಗ ಬೆರಳು ಕರ್ರಗಾದದ್ದು.
ಇನ್ನೊಂದು ರಸಗುಲ್ಲಾ ಡಬ್ಬಿದು,
ಹೆಲಿಕಾಪ್ಟರಿಂದ ಬಿದ್ದು, ಯಾರ ಕೈಗೂ ಸಿಗದ
ಇಳಿಜಾರಿನ್ಯಾಗ ಉಳ್ಳಿಕೋತ ಹೋದದ್ದು.
ಆಗಸ್ಟ್ ಹದಿನೈದಕ್ಕ ಸಾಲಿ ಹುಡುಗೂರು ಕೇಳ್ತಿದ್ದೂ,
ಎಷ್ಟ ಮಂದೀನ ಹೊಡದಿ, ಫೌಜಿ ಮುತ್ಯಾ?
ಎಷ್ಟ ತಾಸು ಮಲಗ್ತಿ ಅಂತ ಯಾರೂ ಕೇಳಲಿಲ್ಲ.

ಕೇಳಿಲ್ಲ ಅಂದ್ರ ಸುಳ್ಳಾಗತೈತಿ.
ಪಲ್ಟನ್ ಡಾಕ್ಟರ ಕೇಳಿದ್ದ, ಹಿಂದ್ಯಾಗ: ಸಬ್ ಠೀಕ್?
ಠೀಕ್ ಸಾಬ್.
ಸಾಂಗಲಿ ಕಚೇರ್ಯಾಗ ಕಾಗದಾನೂ ಕೇಳಿತ್ತು, ಮರಾಠ್ಯಾಗ.
ಗೆರಿ ಎಳದು ಸಹಿ ಮಾಡಿದೆ.
ಎದಿ ಬಡಕೋತಿದ್ದದ್ದು ಸಂಖದ ಕನ್ನಡದಾಗ.

ಅಮಸಿದ್ದಂದೂ ಅಷ್ಟ, ಎರಡ ಕತಿ.
ನಮ್ಮಿಬ್ಬರದೂ ಒಂದ ಪಲ್ಟನ್, ಒಂದ ದಿನಾ ಪೆನ್ಶನ್.
ಎಂಟು ತಿಂಗಳು ಎಟಿಎಮ್ಮಿನ ಮುಂದ ಕುರ್ಚಿ ಹಾಕ್ಕೊಂಡು
ಮಂದಿ ರೊಕ್ಕ ಎಣಿಸೂದು ನೋಡಿದ. ಬಿಟ್ಟು ಬಂದ.
ಆಮ್ಯಾಲ ಕರೇ ಟ್ರಂಕಿನ ಮ್ಯಾಲ ಕುಂತ
ಓಣಿ ಕಾಯಾವ, ರಾತ್ರಿ ಮೂರಕ್ಕ,
ಯಾರೂ ಹೇಳದ.

ಆವತ್ತ ಹನ್ನೊಂದಕ್ಕ ಕದಾ ಬಡದ.
ಮಾಯಪ್ಪಾ, ಎರಡು ಸೆಲ್ಲ ಅದಾವೇನೋ? ಬ್ಯಾಟರಿ ಮಂದಾಗೈತಿ.
ಕೊಟ್ಟೆ. ನಾಳಿ ಮಾತಾಡೂಣು, ಅಂದೆ.
ಅಗಳಿ ಹಾಕಿದೆ.

ನಾಳಿ ಬಂತು.
ಹೆಂಗ ಅಂತ ನಾ ಹೇಳಾಂಗಿಲ್ಲ.
ಊರು ಹದಿನಾಲ್ಕು ದಿನ ಬರೇ ಅದನ್ನ ಮಾತಾಡಿತು.
ಸೆಲ್ಲು ಬ್ಯಾಟರಿಗೆ ಹಾಕಿರಲಿಲ್ಲ ಅಂವ.
ಕಿಸೇದಾಗ ಹಂಗ ಇದ್ದೂ,
ಎರಡೂ.

ನಾಕು ವರ್ಷದ ಮ್ಯಾಲ ಅವನ ಮಗಳು ಕಸ್ತೂರಿ,
ಸೊಲ್ಲಾಪುರದಾಗ ನರ್ಸಿಂಗ್ ಕಲಿಯಾಕಿ,
ಮೂರು ಬಿದಿರ ಗಳಕ್ಕ ಮೊಬೈಲ್ ಕಟಗೊಂಡು ಬಂದ್ಳು.
ಕರ್ಚೀಪು ಬಿಚ್ಚಿದ್ಳು. ಜಂಗು ಹಿಡದ ಸೆಲ್ಲು.
ಇವನ್ನ ಅಪ್ಪಗ ಯಾರು ಕೊಟ್ಟಾರ, ಕಾಕಾ?

ಮೂರನೇ ಕತಿ ಆವತ್ತ ಹೇಳಿದೆ.
ಆಕಿ ಅಳಲಿಲ್ಲ. ಬರಕೊಂಡ್ಳು.
ಸಿನಿಮಾ ತಗೀತೀನಿ, ಅಂದ್ಳು. ನೀ ಅಪ್ಪ ಆಗು.

ನಾನಾದಾಂವ ಕನ್ನಡ ಸಾಲಿ ಮಾಸ್ತರ.
ಅಂವ ಒಳಗ, ನಾ ಹೊರಗ.
ಇಪ್ಪತ್ತ ವರ್ಷದ ನನ್ನ ಮನಿ ಕದಕ್ಕ
ಹೊರಗಿನ ಕಡೆ ಒಂದು ಮೊಳಿ ಎದ್ದೈತಿ, ಗೊತ್ತಿರಲಿಲ್ಲ.
ಏಳು ಸಲ ಬಡದೆ.
ಏಳು ಸಲ ಮಾಸ್ತರ ಅಂದ: ನಾಳಿ ಮಾತಾಡೂಣು.
ಭಾಳ ಛಲೋ ಅಂದ. ಅವನ ದನ್ಯಾಗ ತಪ್ಪು ಹುಡುಕಿದೆ, ಸಿಗಲಿಲ್ಲ.
ಎಂಟನೇದಕ್ಕ ಸೆಲ್ಲ ಕೇಳಬೇಕಾದ ಬಾಯಿ
ಬ್ಯಾರೇನ ಅಂತು:
ನಿದ್ದಿ ಬರವಲ್ದೋ ಮಾರಾಯಾ.

ಮಾಸ್ತರ ತನ್ನ ಮಾತು ಮರತ.
ಕದಾ ತೆರದ ಉಳೀತು. ನಾಯಿ ಬೊಗಳಿತು.
ಕಸ್ತೂರಿ ಕಟ್ ಅನ್ನಲಿಲ್ಲ, ಮೊಬೈಲಿನ ಚಾರ್ಜು ಮುಗಿಯೂತನ.

ಸಾಲಿ ಗ್ವಾಡಿಗೆ ಬಿಳೇ ಜಮಖಾನಿ ಕಟ್ಟಿ ತೋರಿಸಿದ್ಳು.
ಉಮದಿ, ದರಿಬಡಚಿಯಿಂದ ಬೈಕಿನ ಮ್ಯಾಲ ಬಂದಿದ್ರು,
ಅದ ನಮೂನಿ ಕಟಿಂಗು, ಅದ ನೆಟ್ಟಗಿನ ಬೆನ್ನು.
ಅಮಸಿದ್ದನ ಹೆಂಡತಿ ಪರದೆಕ್ಕ ಬೆನ್ನ ಮಾಡಿ ಕುಂತ್ಳು,
ಹದಿನೆಂಟು ಮಿನಿಟೂ ಮಂದಿ ಮಾರಿ ನೋಡಿದ್ಳು.
ಮುಗೀತು. ಯಾರೂ ಚಪ್ಪಾಳಿ ಹೊಡೀಲಿಲ್ಲ.
ಒಂದೊಂದ ಬೈಕು ಚಾಲೂ ಆದೂ, ತಡಾ ಮಾಡಿ.

ಐದನೇ ದಿನ, ಹನ್ನೊಂದಕ್ಕ, ಕದಾ.
ಉಮದಿ ನಾಯಕ ಭೀಮರಾಯ. ಎಂಟು ಮೈಲು ಬಂದಾನ.
ಸೆಲ್ಲ ಅದಾವೇನ್ರಿ?
ಕೈಯಾಗ ಬ್ಯಾಟರಿ. ಅದು ಚಾರ್ಜಿಂಗಿಂದು.

ಇಲ್ಲೋ, ಅಂದೆ. ಒಳಗ ಬಾ.
ನಮ್ಮಾಕಿ ನಿದ್ದಿಗಣ್ಣಾಗ ಚಾಕ್ಕ ನೀರಿಟ್ಳು,
ಇನ್ನ ಮನ್ಯಾಗ ಸಕ್ಕರಿ ನಿಲ್ಲೂದಿಲ್ಲ ಅಂತ ಗೊಣಗಿಕೋತ.
ಅಂವ ಬರ್ಫಿನ ಕತಿ ಚಾಲೂ ಮಾಡಿದ.
ಕೇಳಿದೆ. ರಸಗುಲ್ಲಾದ್ದೂ ಕೇಳಿದೆ, ಅವಂದೂ ಒಂದಿತ್ತು.
ಆಮ್ಯಾಲ ಇಬ್ಬರೂ ಸುಮ್ಮನ ಕುಂತಿವಿ.
ನಾ ಅಗಳಿ ಹಾಕಿರಲಿಲ್ಲ.